ಒಂದು ಕೋಲಿನಷ್ಟು ದೂರ

ಟಕ್.

ರಾತ್ರಿ ಹನ್ನೊಂದು ಗಂಟೆ ಹತ್ತು ನಿಮಿಷ. ನನ್ನ ತಲೆಯ ಮೇಲೆ, ಸೀಲಿಂಗಿನ ಆಚೆ, ಗಟ್ಟಿಯಾದದ್ದೇನೋ ನೆಲಕ್ಕೆ ತಾಗಿತು. ಬಿದ್ದದ್ದಲ್ಲ, ತಾಗಿದ್ದು. ಆ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು. ಆಮೇಲೆ ಕಾಲೆಳೆದ ಸದ್ದು. ಮತ್ತೆ ಟಕ್.

ಎಂಟು ರಾತ್ರಿಯಿಂದ ಹೀಗೇ. ಎಣಿಸುವುದು ನನ್ನ ಚಟ. ಮೆಟ್ಟಿಲು ಎಣಿಸುತ್ತೇನೆ, ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ, ಹಿಂದೆ ಬರುವವರ ಹೆಜ್ಜೆ ಲೆಕ್ಕ ಹಾಕುತ್ತೇನೆ. ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ನನ್ನದು. ತಪ್ಪು ಎಲ್ಲಿದೆ ಎಂದು ಹುಡುಕಿ ಹುಡುಕಿ, ಈಗ ತಪ್ಪಿಲ್ಲದ ಕಡೆಯೂ ಕಣ್ಣು ಹುಡುಕುತ್ತದೆ.

ಒಂಬತ್ತನೆಯ ರಾತ್ರಿ ತಡೆಯಲಾಗಲಿಲ್ಲ. ಕೋಲು ತೆಗೆದುಕೊಂಡು, ಮೂರನೇ ಮಹಡಿಯಿಂದ ನಾಲ್ಕನೇ ಮಹಡಿಗೆ ಹದಿನೆಂಟು ಮೆಟ್ಟಿಲು ಹತ್ತಿದೆ. ಹತ್ತುತ್ತಾ ಹತ್ತುತ್ತಾ ಬೈಗುಳದ ವಾಕ್ಯವನ್ನು ಮೂರು ಸಲ ತಿದ್ದಿದೆ. ಬಾಗಿಲು ಬಡಿದೆ.

ತೆರೆದವನಿಗೆ ನಲವತ್ತರ ಆಸುಪಾಸು. ಬೆವರಿಗೆ ಟೀ ಶರ್ಟು ಮೈಗೆ ಅಂಟಿತ್ತು. ಕೃತಾವಿನಲ್ಲಿ ನಾಲ್ಕು ಬಿಳಿಗೂದಲು. ಅವನ ಹಿಂದೆ ಕುರ್ಚಿ ಮೇಜು ಎಲ್ಲ ಗೋಡೆಗೆ ಸರಿಸಿ ಖಾಲಿ ಮಾಡಿದ ಕೋಣೆ. ನೆಲದ ಮೇಲೆ ನೀಲಿ ಟೇಪಿನಲ್ಲಿ ಅಂಟಿಸಿದ ಗೆರೆಗಳು. ಅವನು ಎರಡೂ ಕೈಯಲ್ಲಿ ಅಡ್ಡ ಹಿಡಿದಿದ್ದದ್ದು ಒಂದು ಊರುಗೋಲು.

"ರೀ, ಕೆಳಗಡೆ ಮನುಷ್ಯರು ಇದ್ದಾರೆ ಅನ್ನೋದು ನಿಮಗೆ ಗೊತ್ತಾ?"

ಅವನು ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದ. ಆಮೇಲೆ ಕಾಲು. ಮತ್ತೆ ಕೈ.

"ತಪ್ಪು ಕೈ," ಅಂದ.

"ಏನು?"

"ಪೆಟ್ಟಾಗಿರೋದು ಬಲಗಾಲಿಗೆ ತಾನೇ? ಕೋಲು ಎಡಗೈಯಲ್ಲಿರಬೇಕು. ನೀವು ಬಲಗೈಯಲ್ಲಿ ಹಿಡಿದಿದ್ದೀರಿ. ಎರಡಿಂಚು ಉದ್ದ ಬೇರೆ ಆಗಿದೆ."

ತಿದ್ದುವವಳು ನಾನು. ನನ್ನನ್ನು ಯಾರೂ ತಿದ್ದುವುದಿಲ್ಲ. ಅದೂ ರಾತ್ರಿ ಹನ್ನೊಂದೂಕಾಲಿಗೆ, ಬೆವರಿನ ಟೀ ಶರ್ಟಿನಲ್ಲಿ ನಿಂತುಕೊಂಡು.

"ನಾನು ಬಂದಿರೋದು ಸದ್ದಿನ ಬಗ್ಗೆ ಮಾತಾಡೋಕೆ."

"ಓ, ಅದಾ. ಕೋಲಿನ ತುದಿಯ ರಬ್ಬರ್ ಬುಷ್ ಸವೆದುಹೋಗಿದೆ. ನಾಳೆನೇ ಹಾಕಿಸ್ತೀನಿ. ಹತ್ತು ಗಂಟೆಗೆ ಡ್ಯೂಟಿ ಮುಗಿಯುತ್ತೆ, ಪ್ರಾಕ್ಟೀಸಿಗೆ ಬೇರೆ ಟೈಮ್ ಸಿಗಲ್ಲ. ಸಾರಿ." ಆಮೇಲೆ, ನಾನು ತಿರುಗಿದಾಗ, ಹಿಂದಿನಿಂದ: "ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಹತ್ತುವಾಗ ಒಳ್ಳೇ ಕಾಲು ಮೊದಲು."

ಬಾಗಿಲನ್ನು ಮುಖಕ್ಕೆ ಬಡಿಯಬೇಕು ಅನ್ನಿಸಿತು. ಆದರೆ ಅದು ಅವನ ಬಾಗಿಲು. ಹದಿನೆಂಟು ಮೆಟ್ಟಿಲು ಇಳಿದು ಬಂದು ನನ್ನದನ್ನೇ ಬಡಿದೆ.

ಒಂದು ಗಂಟೆಯವರೆಗೆ ನಿದ್ದೆ ಬರಲಿಲ್ಲ. ಎದ್ದು, ಕತ್ತಲಲ್ಲಿ, ಯಾರೋ ನೋಡಿಬಿಡುತ್ತಾರೆ ಎಂಬಂತೆ, ಕೋಲನ್ನು ಎಡಗೈಗೆ ಬದಲಾಯಿಸಿ ಅಡುಗೆಮನೆಯವರೆಗೆ ನಡೆದೆ.

ನೋವು ಅರ್ಧಕ್ಕರ್ಧ ಇಳಿದಿತ್ತು. ನನ್ನ ಸಿಟ್ಟು ಮಾತ್ರ ಇಮ್ಮಡಿಯಾಯಿತು.

*

ಹನ್ನೊಂದು ತಿಂಗಳ ಹಿಂದೆ ಅಣ್ಣನ ಸ್ಕೂಟರಿನ ಹಿಂದಿನ ಸೀಟಿನಿಂದ ನಾನು ರಸ್ತೆಗೆ ಬಿದ್ದೆ. ಸಿಗ್ನಲ್ ಕೆಂಪಾಗುವ ಮೊದಲು ದಾಟಿಬಿಡೋಣ ಅಂದವನು ಅವನು. ಅವನ ಮೊಣಕೈ ತರಚಿತು. ನನ್ನ ಬಲತೊಡೆಯೊಳಗೆ ಒಂದು ರಾಡ್ ಕೂತಿತು. ಆ ಮೇಲೆ ಅಣ್ಣ ದಿನಾ ಆಸ್ಪತ್ರೆಗೆ ಬಂದ, ಹಣ್ಣು ತಂದ, ಡಾಕ್ಟರ ಹತ್ತಿರ ಜಗಳವಾಡಿದ, ಮೆಡಿಕಲ್ ಅಂಗಡಿಯಿಂದ ಈ ಕೋಲು ತಂದುಕೊಟ್ಟ. ಅಳತೆ ಕೇಳದೆ ತಂದ. 'ಓಡಿಸ್ತಿದ್ದದ್ದು ನಾನು' ಎಂಬ ಒಂದು ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ.

ನಾನೂ ಕೇಳಲಿಲ್ಲ. ಕೇಳದೆ ಇಟ್ಟುಕೊಂಡ ಮಾತು ಹೊಟ್ಟೆಯಲ್ಲಿ ಕೆಂಡದ ಹಾಗೆ ಬೂದಿ ಮುಚ್ಚಿಕೊಂಡು ಕೂತಿತ್ತು.

ಮೇಲಿನ ಮನೆಯ ಬಾಗಿಲು ಬಡಿಯುವುದಕ್ಕೆ ಮೂರು ವಾರ ಮೊದಲು, ಬಸ್ ಸ್ಟಾಪಿನಲ್ಲಿ ಒಬ್ಬ ನನ್ನ ಬ್ಯಾಗಿಗೆ ಕೈಹಾಕಿದ. ಇಸ್ತ್ರಿ ಹಾಕಿದ ಶರ್ಟು, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು. ನಾನು ಕೋಲು ಎತ್ತಿದೆ. ಅವನು ಅದನ್ನು ಮಗುವಿನ ಕೈಯಿಂದ ಆಟಿಕೆ ಕಿತ್ತುಕೊಂಡ ಹಾಗೆ ಕಿತ್ತುಕೊಂಡು ರಸ್ತೆಯ ಮಧ್ಯಕ್ಕೆ ಎಸೆದ. ಬ್ಯಾಗು ಹೆಗಲಿಗೆ ಹಾಕಿಕೊಂಡು, ಓಡದೆ, ನಡೆದುಕೊಂಡು ಹೋದ. ಓಡುವ ಅವಶ್ಯಕತೆ ಅವನಿಗಿರಲಿಲ್ಲ. ಯಾರೋ ಕೋಲು ತಂದುಕೊಡುವವರೆಗೆ ಇಪ್ಪತ್ತು ನಿಮಿಷ ನಾನು ಲೈಟು ಕಂಬ ತಬ್ಬಿಕೊಂಡು ನಿಂತಿದ್ದೆ.

ಅದನ್ನು ಅಣ್ಣನಿಗೆ ಹೇಳಿದೆ. ಹೇಳಿದ್ದೇ ತಪ್ಪಾಯಿತು.

"ಸಾಕು," ಅಂದ. "ನಮ್ಮನೆ ಹಿಂದಿನ ರೂಮು ಖಾಲಿ ಮಾಡಿಸಿದ್ದೀನಿ. ಗ್ರೌಂಡ್ ಫ್ಲೋರು. ಮಂಚ ಹಾಕಿದ್ದೀನಿ. ಪ್ರೆಸ್ಸಿಗೆ ಹೋಗೋದೂ ಬೇಡ, ಮೆಟ್ಟಿಲು ಹತ್ತೋದೂ ಬೇಡ."

"ಅಣ್ಣಾ, ನನಗೆ ಮೂವತ್ತೈದು ವರ್ಷ."

"ಅದಕ್ಕೇ ಹೇಳ್ತಿರೋದು. ಚಿಕ್ಕವಳಾಗಿದ್ರೆ ಎತ್ಕೊಂಡು ಹೋಗ್ತಿದ್ದೆ."

ನನ್ನ ಮನೆಯ ಬಾಡಿಗೆ ಕರಾರು ಅವನ ಹೆಸರಿನಲ್ಲಿತ್ತು. ಅತ್ತೂ ಕರೆದೂ ಜಗಳವಾಡಿಯೂ ಮೂರು ತಿಂಗಳ ಗಡುವು ಪಡೆದೆ. ಅವನ ಷರತ್ತು ಒಂದೇ: "ಇನ್ನೊಂದೇ ಒಂದು ಘಟನೆ ಆಗಲಿ, ನಿನ್ನ ಸಾಮಾನು ನಾನೇ ಬಂದು ಕಟ್ತೀನಿ."

ಆ ಹಿಂದಿನ ರೂಮನ್ನು ನಾನು ನೋಡಿದ್ದೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ.

*

ಮರುದಿನ ಬೆಳಿಗ್ಗೆ ನನ್ನ ಬಾಗಿಲ ಹಿಡಿಗೆ ಒಂದು ಕಾಗದದ ಪೊಟ್ಟಣ ನೇತಾಡುತ್ತಿತ್ತು. ಒಳಗೆ ಕಪ್ಪು ರಬ್ಬರ್ ಬುಷ್ ಒಂದು, ಚೀಟಿ ಒಂದು. 'ನನ್ನ ಕೋಲಿಗೆ ಹೊಸದು ಹಾಕಿದ್ದೇನೆ. ಇದು ನಿಮ್ಮದಕ್ಕೆ. ಬುಧವಾರ, ಭಾನುವಾರ ಬೆಳಿಗ್ಗೆ ಏಳಕ್ಕೆ ಲೈಬ್ರರಿ ಹಿಂದಿನ ಹಾಲಿನಲ್ಲಿ ಕೋಲಿನ ಕ್ಲಾಸು ಮಾಡುತ್ತೇನೆ. ಸಿಟ್ಟಿರುವವರು ಬೇಗ ಕಲಿಯುತ್ತಾರೆ.'

ಚೀಟಿಯಲ್ಲಿ ಒಂದೂ ತಪ್ಪಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಭಾನುವಾರ ಹೋದೆ. ಬೈಯಲಿಕ್ಕೆ ಇನ್ನೂ ಮಾತು ಬಾಕಿ ಇದೆ ಎಂದು ನನಗೆ ನಾನೇ ಹೇಳಿಕೊಂಡು ಹೋದೆ.

ಹಾಲಿನಲ್ಲಿ ಒಂಬತ್ತು ಜನ, ಒಂಬತ್ತು ಕೋಲು. ಮುಂದಿನ ಸಾಲಿನಲ್ಲಿ ನಿವೃತ್ತ ಹೆಡ್ಮಿಸ್ಟ್ರೆಸ್ ಒಬ್ಬರು. ಎಪ್ಪತ್ತೆರಡು ವರ್ಷ, ಬಿಳಿ ಕ್ಯಾನ್ವಾಸ್ ಶೂ. ಎಲ್ಲರಿಗೂ ಅವರು 'ಹೆಡ್ ಮೇಡಂ'. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಸ ಅಡ್ಮಿಷನ್ನಾ? ಬಾಮ್ಮಾ, ಇಲ್ಲಿ ನಿಲ್ಲು. ಹಾವೂ ಸಾಯಬೇಕು, ಕೋಲೂ ಮುರೀಬಾರದು, ಅದೇ ಇಲ್ಲಿನ ಸಿಲಬಸ್ಸು," ಅಂದರು.

ಅವನನ್ನು ಎಲ್ಲರೂ ಮೇಷ್ಟ್ರೇ ಅನ್ನುತ್ತಿದ್ದರು. ಮೊದಲು ಅಗ್ನಿಶಾಮಕ ದಳದಲ್ಲಿ ಬೆಂಕಿ ಆರಿಸುತ್ತಿದ್ದನಂತೆ. ಏಣಿ ಜಾರಿ ಎಡ ಕಣಕಾಲು ಚೂರಾದ ಮೇಲೆ ಫೈರ್ ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ಫೋನು ಎತ್ತುವ ಕೆಲಸ.

"ಕಾಲು ಹೀಗಿದ್ದೂ ನಾಲ್ಕನೇ ಮಹಡಿಯಲ್ಲಿ ಯಾಕಿದ್ದೀರಿ?" ಎಂದು ಕೇಳಿದೆ, ಕುಟುಕುವ ದನಿಯಲ್ಲಿ.

"ಐದನೇ ಮಹಡಿ ಇರಲಿಲ್ಲ," ಅಂದ.

ಮೊದಲ ಅರ್ಧ ಗಂಟೆ ವ್ಯಾಯಾಮ. ಕೋಲನ್ನು ತಲೆಯ ಮೇಲೆ ಅಡ್ಡ ಹಿಡಿದು ಆ ಪಕ್ಕ ಈ ಪಕ್ಕ ಬಾಗುವುದು. ಎದೆಗೆ ನೇರ ಚಾಚಿ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು. ಹಿಮ್ಮಡಿ ಎತ್ತಿ ಹತ್ತು ಎಣಿಸುವುದು. ನನ್ನ ತೊಡೆ ಗಡಗಡ ನಡುಗಿತು. ಹೆಡ್ ಮೇಡಂ ಒಂದು ಹನಿ ಬೆವರದೆ ಎದ್ದು ಕೂರುತ್ತಿದ್ದರು.

ಆಮೇಲೆ ರಕ್ಷಣೆ.

"ಕೋಲು ಎತ್ತಬೇಡಿ," ಅಂದ ಎಲ್ಲರಿಗೂ. ಕಣ್ಣು ಮಾತ್ರ ನನ್ನ ಮೇಲೆ. "ಎತ್ತಿದ ಕೋಲು ನಿಮ್ಮದಲ್ಲ, ಎದುರಿನವನದು. ಅವನಿಗೆ ಹಿಡಿಯೋಕೆ ನೀವೇ ಕೊಟ್ಟ ಹಾಗೆ. ಕೆಳಗಿರಲಿ, ಎರಡೂ ಕೈಯಲ್ಲಿ. ನೇರ ಚುಚ್ಚಿ, ತಕ್ಷಣ ಹಿಂದಕ್ಕೆಳೀರಿ. ಒಂದು ಕೋಲಿನಷ್ಟು ದೂರ ನಿಮ್ಮದು. ಅದರೊಳಗೆ ಯಾರು ಬರಬೇಕು, ಬರಬಾರದು ಅನ್ನೋದು ನಿಮ್ಮಿಷ್ಟ."

ಬಸ್ ಸ್ಟಾಪು ಕಣ್ಣ ಮುಂದೆ ಬಂತು. ನಾನೇ ಕೊಟ್ಟಿದ್ದೆ ಅವನ ಕೈಗೆ. ಕೆನ್ನೆ ಬಿಸಿಯಾಯಿತು.

"ಚುಚ್ಚೋ ಮೊದಲು ದನಿ. ಹೊಟ್ಟೆಯಿಂದ. 'ದೂರ ನಿಲ್ಲು!' ಮೇಡಂ, ನೀವು ಹೇಳಿ."

"ದಯವಿಟ್ಟು ದೂರ ನಿಲ್ಲಿ," ಅಂದೆ.

ಹಾಲೆಲ್ಲ ನಕ್ಕಿತು. ಅವನು ನಗಲಿಲ್ಲ. ತುಟಿಯ ಒಂದು ತುದಿ ಮಾತ್ರ ಸ್ವಲ್ಪ ಅಲುಗಿ ನಿಂತಿತು. ಅದನ್ನು ನಾನು ನೋಡಿದೆ ಎಂದು ಅವನಿಗೂ ಗೊತ್ತಾಯಿತು.

"ರಿಜಿಸ್ಟರಿನಲ್ಲಿ ಬರೆದಿದ್ರಿ, ಪ್ರೂಫ್ ನೋಡೋರು ಅಲ್ವಾ ನೀವು? ಆ ವಾಕ್ಯದಲ್ಲಿ ಒಂದು ಪದ ಹೆಚ್ಚಿದೆ. ಹೊಡೆದುಹಾಕಿ."

"ಅಭ್ಯಾಸ," ಅಂದೆ, ಹಲ್ಲು ಕಚ್ಚಿ.

"ಕಳ್ಳನಿಗೆ ಅರ್ಜಿ ಬರೀತಿದ್ದಾಳೆ ಹುಡುಗಿ," ಅಂದರು ಹೆಡ್ ಮೇಡಂ.

ಒಂಬತ್ತು ಸಲ ಹೇಳಿಸಿದ. ಒಂಬತ್ತು ಸಲವೂ 'ದಯವಿಟ್ಟು' ಎಲ್ಲಿಂದಲೋ ನುಸುಳಿ ಮುಂದೆ ಬಂದು ನಿಂತಿತು. ಅಷ್ಟು ವರ್ಷ ಎಲ್ಲರ ಹತ್ತಿರವೂ ಬೇಡಿಕೊಂಡೇ ಬದುಕಿದ್ದೆನೆಂದು ಅವತ್ತು ಗೊತ್ತಾಯಿತು. ಮನೆಗೆ ಬಂದು ದಿಂಬಿಗೆ ಹೊಡೆದೆ.

*

ಎರಡನೇ ವಾರ ನನ್ನ ಕೋಲಿನ ಅಳತೆ ತೆಗೆದ.

"ಶೂ ಹಾಕ್ಕೊಂಡೇ ನಿಲ್ಲಿ. ನೆಟ್ಟಗೆ. ಕೈ ಸಡಿಲ ಬಿಡಿ. ನನ್ನ ನೋಡಬೇಡಿ, ಎದುರಿಗೆ ನೋಡಿ."

"ನಿಮ್ಮನ್ನ ಯಾರು ನೋಡ್ತಿದ್ದಾರೆ?"

"ಹಾಗಾದ್ರೆ ಸರಿ."

ಮಂಡಿಯೂರಿ ಕೂತು, ಕೋಲನ್ನು ತಲೆಕೆಳಗು ಮಾಡಿ ನನ್ನ ಪಕ್ಕಕ್ಕೆ ನಿಲ್ಲಿಸಿದ. ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಪೆನ್ಸಿಲು ನನ್ನ ಚರ್ಮಕ್ಕೆ ಒಂದು ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ತಾಗಲಿಲ್ಲ. ಅವನ ಉಸಿರು ಮಾತ್ರ ಕೈಬೆರಳಿಗೆ ತಾಗಿತು. ಎದುರಿನ ಗೋಡೆಯಲ್ಲಿ ಒಂದು ಗಡಿಯಾರವಿತ್ತು; ಎಷ್ಟು ಗಂಟೆಯಾಗಿತ್ತೆಂದು ಕೇಳಿದರೆ ಹೇಳಲಾರೆ.

"ಎರಡಿಂಚು ಹೆಚ್ಚು. ಹೇಳಿದ್ನಲ್ಲ." ಗರಗಸ ತಂದು ಅಲ್ಲೇ ಕೊಯ್ದ. ಮರದ ಹುಡಿ ಅವನ ಮೊಣಕಾಲ ಮೇಲೆ ಉದುರಿತು. "ಕೋಲು ಹಿಡಿದ ದಿನದಿಂದ ಭುಜ ನೋವಿರಬೇಕಲ್ಲ?"

ಇತ್ತು. ಕಾಲಿನ ನೋವು ಭುಜಕ್ಕೂ ಬಂದಿದೆ ಅಂದುಕೊಂಡಿದ್ದೆ. ಯಾರೂ ಕೇಳಿರಲಿಲ್ಲ. ಮಂಚ ಹಾಕಿಸಿದವನೂ ಕೇಳಿರಲಿಲ್ಲ. ಆ ಎರಡಿಂಚಿನ ತುಂಡನ್ನು ಎತ್ತಿಕೊಂಡು ಪರ್ಸಿಗೆ ಹಾಕಿಕೊಂಡೆ. ಕಣ್ಣು ಉರಿಯಿತು.

"ಅಳ್ತಿದ್ದೀರಾ?"

"ಸಿಟ್ಟು ಬಂದಿದೆ. ನನಗೆ ಸಿಟ್ಟು ಕಣ್ಣಿಂದ ಬರುತ್ತೆ."

"ನನಗೆ ಕಿವಿಯಿಂದ ಬರುತ್ತೆ," ಅಂದ. "ಸಿಟ್ಟು, ಸುಳ್ಳು, ನಾಚಿಕೆ, ಎಲ್ಲಾ. ಕೆಂಪಾಗಿಬಿಡುತ್ತೆ. ಅದಕ್ಕೇ ಇಸ್ಪೀಟಾಡೋಕೆ ಎಲ್ಲರೂ ನನ್ನ ಕರೆಯೋರು, ಅವರೇ ಗೆಲ್ತಿದ್ರು."

ನೋಡಿದೆ. ಕಿವಿ ಕೆಂಪಾಗಿತ್ತು. ಆಗ ಯಾವುದಕ್ಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ವಾರಗಳು ಕಳೆದವು. ತೊಡೆ ನಡುಗುವುದು ನಿಂತಿತು. ಮೂರು ಮಹಡಿಯನ್ನು ಮೆಟ್ಟಿಲ ಕಂಬಿ ಹಿಡಿಯದೆ ಹತ್ತಿದೆ. ಕೋಲಿನ ಬಾಗಿದ ಹಿಡಿಯಿಂದ ಎದುರಿನವರ ಕಣಕಾಲಿಗೆ ಕೊಕ್ಕೆ ಹಾಕಿ ಎಳೆಯುವುದನ್ನು ಕಲಿತೆ. ಹೆಡ್ ಮೇಡಂ ನನ್ನ ಮೇಲೆ ಪ್ರಯೋಗಿಸಿ ಎರಡು ಸಲ ಚಾಪೆಯ ಮೇಲೆ ಕೆಡವಿದರು. ರಾತ್ರಿ ಮೇಲಿನ ಮನೆಯಲ್ಲಿ ಟಕ್ ಬದಲು ಈಗ ಮೆತ್ತಗೆ 'ಧಪ್'. ಆ ಸದ್ದಿಗೆ ಕಾಯುವುದನ್ನು ಯಾವಾಗ ಶುರುಮಾಡಿದೆನೋ ತಿಳಿಯದು. ಒಂದು ರಾತ್ರಿ ನನ್ನ ಕೋಲಿನಿಂದ ಸೀಲಿಂಗಿಗೆ ಎರಡು ಸಲ ತಟ್ಟಿದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ: ಧಪ್, ಧಪ್.

ಕತ್ತಲಲ್ಲಿ ಒಬ್ಬಳೇ ನಕ್ಕೆ. ಮಾತಿಗೆ ಹೆದರುವವಳಿಗೆ ಅಷ್ಟು ಸಂಭಾಷಣೆ ಸಾಕಿತ್ತು.

*

ಗಡುವಿಗೆ ಇನ್ನು ಮೂರು ವಾರ ಇದ್ದಾಗ ನನ್ನ ಹಿಂದೆ ಯಾರೋ ಬರಲು ಶುರುಮಾಡಿದರು.

ಪ್ರೆಸ್ಸಿನಿಂದ ರಾತ್ರಿ ಎಂಟೂವರೆಗೆ ಹೊರಡುತ್ತೇನೆ. ಮನೆಗೆ ಹದಿನೈದು ನಿಮಿಷದ ದಾರಿ. ನಾನು ನಿಂತರೆ ಹಿಂದೆಯೂ ಯಾರೋ ನಿಲ್ಲುತ್ತಾರೆ. ಕನ್ನಡಕದ ಅಂಗಡಿಯ ಗಾಜಿನಲ್ಲಿ, ರಸ್ತೆಯ ಆಚೆ ಬದಿ, ಮಳೆಕೋಟು ತೊಟ್ಟ ಒಂದು ಆಕೃತಿ. ಮೊದಲ ದಿನ ಭ್ರಮೆ ಅಂದುಕೊಂಡೆ. ನಾಲ್ಕನೇ ದಿನ ಭ್ರಮೆಯಲ್ಲ ಎಂದು ಗೊತ್ತಾಯಿತು. ಅಣ್ಣನಿಗೆ ಹೇಳುವ ಹಾಗಿಲ್ಲ. ಹೇಳಿದರೆ ಹಿಂದಿನ ರೂಮು. ಪೊಲೀಸರಿಗೆ ಹೇಳಿದರೆ ಅವರು ಅಣ್ಣನಿಗೇ ಫೋನು ಮಾಡುತ್ತಾರೆ.

ಭಾನುವಾರ ಕ್ಲಾಸು ಮುಗಿದ ಮೇಲೆ ಅವನೊಬ್ಬನಿಗೆ ಹೇಳಿದೆ.

"ಯಾರೋ ನನ್ನ ಹಿಂದೆ ಬರ್ತಿದ್ದಾರೆ. ದಿನಾ."

ಅವನು ಚಾಪೆ ಸುತ್ತುತ್ತಿದ್ದ. ಕೈ ನಿಂತಿತು. ಕಿವಿ ಕೆಂಪಾಯಿತು.

"ಹೆದರಬೇಡಿ," ಅಂದ, ಚಾಪೆಗೆ. "ಕೆಟ್ಟವರು ಯಾರೂ ಇರಲ್ಲ ಬಿಡಿ."

ನನ್ನ ಮೇಲಿನ ಕಾಳಜಿಗೆ ಕಿವಿ ಕೆಂಪಾಯಿತೆಂದು ತಿಳಿದು, ಮೂರ್ಖಳ ಹಾಗೆ ದಾರಿಯುದ್ದಕ್ಕೂ ಹಗುರಾಗಿ ನಡೆದುಕೊಂಡು ಹೋದೆ. ಆ ದಿನಗಳಲ್ಲಿ ಮೇಲಿನ ಮನೆಯ ಧಪ್ ಸದ್ದು ಹನ್ನೊಂದರ ಬದಲು ಒಂಬತ್ತೂವರೆಗೇ ಕೇಳುತ್ತಿತ್ತು. ಅದನ್ನೂ ಎಣಿಸಿದ್ದೆ. ಎಣಿಸಿದೆ, ಕೂಡಿಸಲಿಲ್ಲ.

ಗಡುವಿಗೆ ಐದು ದಿನ ಉಳಿದಿತ್ತು. ಸಣ್ಣಗೆ ಹನಿ ಬೀಳುತ್ತಿತ್ತು. ನಮ್ಮ ಬಿಲ್ಡಿಂಗಿಗೆ ತಿರುಗುವ ಓಣಿಯ ದೀಪ ಕೆಟ್ಟಿತ್ತು. ಒಂದು ಬದಿ ಗೋಡೆ, ಇನ್ನೊಂದು ಬದಿ ದೊಡ್ಡ ಚರಂಡಿ. ಹಿಂದಿನ ಹೆಜ್ಜೆ ಯಾವತ್ತೂ ರಸ್ತೆಯ ಆಚೆಗಿರುತ್ತಿತ್ತು. ಅವತ್ತು ಓಣಿಯೊಳಗೆ ಬಂತು. ಬೇಗ ಬೇಗ ಬಂತು. ಹತ್ತು ಹೆಜ್ಜೆ. ಆರು. ಮೂರು.

ತಿರುಗಿದೆ.

"ದೂರ ನಿಲ್ಲು!"

ಅದು ನನ್ನ ದನಿಯೇ? ಗೋಡೆಗೆ ಬಡಿದು ವಾಪಸ್ಸು ಬಂತು. ಮಳೆಕೋಟು ಬೆಚ್ಚಿ ನಿಂತಿತು, ಆದರೆ ಕೋಲಿನ ಅಳತೆಯ ಒಳಗೆ ನಿಂತಿತು. ಎರಡೂ ಕೈ, ಕೆಳಗಿನಿಂದ, ನೇರ, ಎದೆಗೂಡಿನ ಕೆಳಗೆ. ಚುಚ್ಚಿ ಹಿಂದಕ್ಕೆಳೆದೆ. ಉಸಿರು ಹೋದ ಸದ್ದು. ಕೋಲು ತಿರುಗಿಸಿ ಕಣಕಾಲಿಗೆ ಕೊಕ್ಕೆ ಹಾಕಿ ಎಳೆದೆ. ವರ್ಷಕ್ಕೂ ಮೀರಿದ ಸಿಟ್ಟನ್ನೆಲ್ಲ ಸೇರಿಸಿ ಎಳೆದೆ. ಮನುಷ್ಯ ಬಿದ್ದ. ಅವನ ಕೋಟಿನೊಳಗಿಂದ ಏನೋ ಜಾರಿ, ಉರುಳಿ, ಚರಂಡಿಗೆ ಬಿತ್ತು. ಟಕ್, ಟಕ್, ಆಮೇಲೆ ನೀರಿನ ಸದ್ದು.

ಆ ಟಕ್ ನನಗೆ ಗೊತ್ತಿತ್ತು.

"ಚೆನ್ನಾಗಿ ಬಂತು," ಅಂದ ನೆಲದ ಮೇಲಿದ್ದವನು, ಉಸಿರೆಳೆದುಕೊಳ್ಳುತ್ತಾ. "ಗುರುವಿಗೇ ತಿರುಮಂತ್ರ."

ಮೊದಲು ಕಾಲು ನೆನಪಾಯಿತು. ಎಳೆದದ್ದು ಅವನ ಎಡ ಕಣಕಾಲು. ಮರುಗಳಿಗೆಯಲ್ಲಿ ಉಳಿದದ್ದೆಲ್ಲ ಅರ್ಥವಾಯಿತು.

"ಎಷ್ಟು ದಿನದಿಂದ?"

"ಹದಿನಾರು. ಇವತ್ತು ದೀಪ ಇರಲಿಲ್ಲ, ಚರಂಡಿ ಕಡೆ ಜಾರ್ತೀರೇನೋ ಅಂತ ಹತ್ತಿರ ಬಂದೆ."

"ನಾನು ನಿಮಗೆ ಹೇಳಿದೆ. ನಿಮಗೇ ಬಂದು ಹೇಳಿದೆ, ಯಾರೋ ಹಿಂದೆ ಬರ್ತಿದ್ದಾರೆ ಅಂತ. ಚಾಪೆ ಸುತ್ತುತ್ತಾ ನಿಂತಿದ್ರಿ!"

ಅವನು ಮಳೆಕೋಟಿನ ಟೋಪಿ ಹಿಂದಕ್ಕೆ ಸರಿಸಿದ.

"ರಾತ್ರಿ ಎಲ್ಲಾ ಲೈಟು ಹಾಕ್ಕೊಂಡು ಮಲಗಿದ್ದೀನಿ ಹದಿನಾರು ದಿನ. ಹೆದರಿಸೋನು ಒಬ್ಬ ಬೇರೆ, ಧೈರ್ಯ ಹೇಳೋನು ಒಬ್ಬ ಬೇರೆ ಅಂದ್ಕೊಂಡಿದ್ದೆ. ಇಬ್ಬರೂ ನೀವೇ. ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು. ಯಾರು ಹೇಳಿದ್ದು ಇದನ್ನ ಮಾಡೋಕೆ?"

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಅಣ್ಣ."

ಕತ್ತಲಲ್ಲಿ ಅವನ ಕಿವಿ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ.

"ಏನಂದ? ನನ್ನ ತಂಗಿ ಕುಂಟಿ, ಒಂದು ಕಣ್ಣಿಟ್ಟಿರಿ ಅಂದ್ನಾ?"

"ಹಾಗನ್ನಲಿಲ್ಲ." ಅವನು ಕಷ್ಟಪಟ್ಟು ಎದ್ದು ಗೋಡೆಗೊರಗಿ ಕೂತ. "ಕೋಲಿನ ಕ್ಲಾಸಿನ ವಿಷಯ ಕೇಳಿ ಬಂದು ನನ್ನ ಮನೆ ಕುರ್ಚಿ ಮೇಲೆ ಕೂತರು. ಅರ್ಧ ಗಂಟೆ ಏನೂ ಹೇಳಲಿಲ್ಲ. ಆಮೇಲೆ, 'ಗಾಡಿ ಓಡಿಸ್ತಿದ್ದದ್ದು ನಾನು' ಅಂದರು. ಅಷ್ಟೇ. ಆಮೇಲೆ ಅತ್ತರು. ಗಂಡಸರು ಅಷ್ಟು ಹೊತ್ತು ಅಳೋದನ್ನ ನಾನು ಬೆಂಕಿ ಬಿದ್ದ ಮನೆಗಳಲ್ಲಿ ಮಾತ್ರ ನೋಡಿದ್ದೆ."

ನನಗೆ ಬೇಕಾಗಿದ್ದ ಆ ಮಾತನ್ನು ಅಣ್ಣ ಹದಿನೆಂಟು ಮೆಟ್ಟಿಲು ಹೆಚ್ಚಿಗೆ ಹತ್ತಿ ಹೋಗಿ, ಇನ್ನೊಬ್ಬರ ಮನೆಯಲ್ಲಿ ಹೇಳಿ ಬಂದಿದ್ದ. ನಗಬೇಕೋ ಕಿರುಚಬೇಕೋ ಗೊತ್ತಾಗಲಿಲ್ಲ.

"ಹಾಗಾದ್ರೆ ಕರುಣೆಯಿಂದ ಬಂದ್ರಿ. ಅವನ ಮೇಲಿನ ಕರುಣೆ, ನನ್ನ ಮೇಲಿನ ಕರುಣೆ."

"ಮೊದಲ ಎರಡು ದಿನ ರಜ ಹಾಕಿ ನಿಮ್ಮಣ್ಣನಿಗೋಸ್ಕರ ಬಂದೆ," ಅಂದ. "ಮೂರನೇ ದಿನದಿಂದ ಅವರು ಬೇಡ ಅಂದಿದ್ರೂ ಬರ್ತಿದ್ದೆ. ಹಗಲು ಡ್ಯೂಟಿ ಕೇಳಿ ಹಾಕಿಸ್ಕೊಂಡೆ. ನೀವು ಆ ಕನ್ನಡಕದ ಅಂಗಡಿ ಮುಂದೆ ನಿಂತು ಒಂದ್ಸಲ ಕೂದಲು ಸರಿ ಮಾಡ್ಕೊತೀರಲ್ಲ, ಅದನ್ನ ನೋಡೋಕೆ ದಿನವಿಡೀ ಕಾಯ್ತಿದ್ದೆ."

"ಕೂದಲು ಸರಿ ಮಾಡ್ಕೊತಿರಲಿಲ್ಲ. ಗಾಜಿನಲ್ಲಿ ನಿಮ್ಮನ್ನ ನೋಡಿ ಹೆದರಿ ಸಾಯ್ತಿದ್ದೆ."

ಅವನು ಮುಖ ಮುಚ್ಚಿಕೊಂಡ.

"ಕೇಳಬಹುದಿತ್ತಲ್ಲ? ಪಕ್ಕದಲ್ಲಿ ನಡ್ಕೊಂಡು ಬರ್ಲಾ ಅಂತ ಬಾಯಿ ಬಿಟ್ಟು ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ! ಬೇಡ ಅನ್ನೋ ಹಕ್ಕು ನಂದು. ಒಂದು ಕೋಲಿನಷ್ಟು ದೂರ ನಿಮ್ಮದು ಅಂತ ಹೇಳಿಕೊಟ್ಟೋರು ಯಾರು?"

ಹನಿ ನಿಂತಿತ್ತು. ಎಲ್ಲೋ ಮೇಲಿನ ಮಹಡಿಯಲ್ಲಿ ಒಂದು ಕಿಟಕಿ ತೆರೆದು ಮುಚ್ಚಿತು.

"ನಾನೇ," ಅಂದ ಕೊನೆಗೆ. "ತಪ್ಪು ನಂದು. ಅಣ್ಣನಿಗೆ ಕೊಟ್ಟ ಮಾತಿನ ಹಿಂದೆ ಅಡಗಿಕೊಂಡೆ. ಪಕ್ಕದಲ್ಲಿ ನಡೆಯೋದಕ್ಕಿಂತ ಹಿಂದೆ ನಡೆಯೋದು ಸುಲಭ. ಬೇಡ ಅನ್ನಿಸ್ಕೊಳ್ಳೋ ಭಯ ಇಲ್ಲ." ತಲೆಯೆತ್ತಿದ. "ಬೆಂಕಿಗೆ ಹೆದರಿಲ್ಲ ನಾನು. ನಿಮ್ಮ ಬಾಯಿಂದ 'ದಯವಿಟ್ಟು ದೂರ ನಿಲ್ಲಿ' ಅನ್ನೋದು ಬರುತ್ತೇನೋ ಅಂತ ಹೆದರಿದ್ದೆ."

ನನ್ನ ಸಿಟ್ಟು ಇಳಿಯಲಿಲ್ಲ. ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಸಿಟ್ಟಿನ ಪಕ್ಕದಲ್ಲೇ ಇನ್ನೊಂದಕ್ಕೂ ಜಾಗವಿತ್ತು. ಅದು ಬಂದು ಕೂತು ಎಷ್ಟೋ ದಿನವಾಗಿತ್ತು.

"ಏಳೋಕಾಗುತ್ತಾ?"

"ಕೋಲು ಚರಂಡಿಗೆ ಹೋಯ್ತು."

"ನನ್ನದಿದೆ."

"ಆಮೇಲೆ ನೀವು?"

ಕೈ ಕೊಟ್ಟು ಎಬ್ಬಿಸಿದೆ; ತೊಡೆಗೆ ಶಕ್ತಿ ಬಂದಿತ್ತು, ಅವನು ಕಲಿಸಿದ್ದೇ. ಎದ್ದು ನಿಂತವನು ಎಡಗಾಲು ಊರಲಾರದೆ ತೂಗಾಡಿದ. ಅವನಿಗೆ ಪೆಟ್ಟು ಎಡಗಾಲಿಗೆ, ಕೋಲು ಬಲಗೈಗೆ. ನನಗೆ ಪೆಟ್ಟು ಬಲಗಾಲಿಗೆ, ಕೋಲು ಎಡಗೈಗೆ. ಅವನ ಬಲಬದಿಗೆ ಹೋಗಿ ನಿಂತೆ. ಕೋಲನ್ನು ಇಬ್ಬರ ನಡುವೆ ಊರಿದೆ.

"ಹಿಡ್ಕೊಳ್ಳಿ."

ಅವನ ಬಲಗೈ ಹಿಡಿಯ ಮೇಲೆ ಬಂತು. ನನ್ನ ಎಡಗೈ ಅದರ ಮೇಲೆ. ಒಂದು ಗಳಿಗೆ ಇಬ್ಬರೂ ಅಲುಗಲಿಲ್ಲ.

"ಸರಿಯಾದ ಕೈ," ಅಂದ, ಮೆಲ್ಲಗೆ.

"ಮಾತು ಬೇಡ. ನಡೀರಿ."

ಕೋಲು ಮುಂದೆ ಹೋದಾಗ ಹೊರಗಿನ ಎರಡು ಕಾಲು ಜೊತೆಗೆ: ಅವನ ಎಡ, ನನ್ನ ಬಲ. ಆಮೇಲೆ ಒಳಗಿನ ಎರಡು ಒಳ್ಳೆಯ ಕಾಲು. ಹತ್ತು ಹೆಜ್ಜೆಗೆ ಲಯ ಸಿಕ್ಕಿತು. ಮೆಟ್ಟಿಲ ಬುಡದಲ್ಲಿ ನಿಂತು, "ಒಳ್ಳೇ ಕಾಲು ಮೊದಲು," ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ನಗು ಬಂತು. ಸಿಟ್ಟೂ ಬಂತು, ನಗು ಬಂದದ್ದಕ್ಕೆ.

*

ನನ್ನ ಮನೆಯ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಕಣಕಾಲಿಗೆ ಐಸ್ ಕಟ್ಟಿದೆ. ಮುರಿದಿರಲಿಲ್ಲ, ಊದಿತ್ತು. ತೀರಾ ಹತ್ತಿರ ಕೂತಿದ್ದೆ.

"ಒಂದು ಕೋಲಿನಷ್ಟು ದೂರ ಇಲ್ಲ," ಅಂದ, ಸೀಲಿಂಗ್ ನೋಡುತ್ತಾ.

"ಅಳತೆ ನನಗೂ ಗೊತ್ತು."

"ಹಿಂದಕ್ಕೆ ಸರೀಲಾ?"

"ಬೇಡ." ಸಿಟ್ಟಿನಲ್ಲಿ ಬಾರದ ಪದ ಈಗ ಬಂತು. "ದಯವಿಟ್ಟು."

ಕಿವಿ ಕೆಂಪಾಯಿತು. ಈ ಸಲ ಯಾವುದಕ್ಕೆಂದು ಕೇಳಬೇಕಾಗಲಿಲ್ಲ. ಅವನು ಕಣ್ಣು ಸೀಲಿಂಗಿನಿಂದ ಇಳಿಸಿ ನನ್ನನ್ನು ನೋಡಿದ. ಆಮೇಲೆ ಪೆನ್ಸಿಲು ಎಂದೂ ತಾಗದ ಮಣಿಕಟ್ಟಿನ ಆ ಗೆರೆಗೆ ಅವನ ತುಟಿ ತಾಗಿತು.

ಆಗಲೇ ಫೋನು ರಿಂಗಾಯಿತು. ಅಣ್ಣ.

"ನಿಮ್ಮ ಓಣಿಯಲ್ಲಿ ಯಾವಳೋ ಕಿರುಚಿದಳಂತೆ, ಕೆಳಗಿನ ಮನೆಯವರು ಫೋನ್ ಮಾಡಿದ್ರು. ಏನಾಯ್ತು? ನಿನಗೇನಾದ್ರೂ ಆಯ್ತಾ?"

ನಾಲಿಗೆಯ ತುದಿಗೆ ಎಲ್ಲ ಬಂತು. ಗಾಡಿ ಓಡಿಸ್ತಿದ್ದದ್ದು ನೀನು. ಮೇಲಿನ ಮನೆಯಲ್ಲಿ ಅತ್ತದ್ದು ನೀನು. ನನಗೆ ಕಾವಲು ಹಾಕಿದ್ದು ನೀನು. ಆ ಕಾವಲನ್ನು ನೆಲಕ್ಕೆ ಕೆಡವಿದ್ದು ನಾನು. ಮೂರು ವಾಕ್ಯ ಅವನನ್ನು ಮುರಿಯುತ್ತಿತ್ತು. ಒಂದು ವಾಕ್ಯ ನನ್ನನ್ನು ಆ ಹಿಂದಿನ ರೂಮಿಗೆ ಕಳಿಸುತ್ತಿತ್ತು.

ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು. ಹೆದರಿದವನ ಉಸಿರು. ಇಷ್ಟು ತಿಂಗಳು ಗದರುವ ದನಿಯಲ್ಲಿ ಅವನು ಮುಚ್ಚಿಟ್ಟದ್ದು ಇದನ್ನೇ.

"ನನಗೇನೂ ಆಗಿಲ್ಲ ಅಣ್ಣಾ," ಅಂದೆ. "ಐದು ದಿನ ಬಿಟ್ಟು ಬಾ. ಕರಾರಿನ ಕಾಗದ ತಗೊಂಡು ಬಾ, ನನ್ನ ಹೆಸರಿಗೆ ಮಾಡಿಸೋಣ. ಮಂಚ ಬೇರೆ ಯಾರಿಗಾದ್ರೂ ಕೊಡು."

"ನೀನು..."

"ನನಗೆ ಏನಾದ್ರೂ ಹೇಳಬೇಕು ಅನ್ಸಿದ್ರೆ, ನನಗೇ ಹೇಳು. ಯಾವಾಗಾದ್ರೂ ಸರಿ. ನಾನು ಕಾಯ್ತೀನಿ."

ಫೋನಿನಾಚೆ ಕುರ್ಚಿ ಎಳೆದ ಸದ್ದು ಕೇಳಿತು. ಆಮೇಲೆ, "ಸರಿ, ಬಾಗಿಲು ಹಾಕ್ಕೋ," ಅಂದ. ಗದರಲಿಲ್ಲ.

ಬುಧವಾರ ಕ್ಲಾಸಿಗೆ ಅವನು ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಹೊಸ ಕೋಲು ಹಿಡಿದು ಬಂದ. ಹೆಡ್ ಮೇಡಂ ಕನ್ನಡಕ ಮೂಗಿನ ತುದಿಗಿಳಿಸಿದರು.

"ಏನಾಯ್ತು ಮೇಷ್ಟ್ರೇ?"

"ಮೆಟ್ಟಿಲು ಜಾರಿತು."

"ಕಿವಿ ಬೇರೆ ಏನೋ ಹೇಳ್ತಿದೆಯಲ್ಲ." ನನ್ನ ಕಡೆ ತಿರುಗಿದರು. "ನೀನು ಹೇಳಮ್ಮಾ. ಅದೇ ಬಿಲ್ಡಿಂಗಿನಲ್ಲಿದ್ದೀಯಲ್ಲ. ನಿನಗೆ ಗೊತ್ತಿರಬೇಕು."

ಒಂಬತ್ತು ಜನ ನನ್ನನ್ನೇ ನೋಡಿದರು. ಬಸ್ ಸ್ಟಾಪಿನಲ್ಲಿ ನಡೆದದ್ದನ್ನು ನಾನು ನಿಜವಾಗಿ ಹೇಳಿದ್ದೆ. ಹೇಳಿದ್ದನ್ನೇ ಕಿತ್ತುಕೊಂಡು ಅಣ್ಣ ನನಗೆ ಮಂಚ ಹಾಕಿಸಿದ್ದ. ಕೆಲವು ಮಾತೂ ಕೋಲಿನ ಹಾಗೇ. ಎತ್ತಿದರೆ ಎದುರಿನವರ ಕೈಗೆ ಹೋಗುತ್ತದೆ. ಆ ಓಣಿ, ಆ ಕೂಗು, ಕುರ್ಚಿಯಲ್ಲಿ ಕೂತು ಅಣ್ಣ ಅತ್ತದ್ದು, ಒಂದೇ ಕೋಲಿನ ಮೇಲೆ ಎರಡು ಕೈ, ಯಾವುದನ್ನೂ ಯಾರಿಗೂ ಹೇಳಬಾರದೆಂದು ಆ ಗಳಿಗೆಯಲ್ಲಿ ತೀರ್ಮಾನಿಸಿದೆ.

"ನನಗೇನೂ ಗೊತ್ತಿಲ್ಲ ಮೇಡಂ," ಅಂದೆ. ಕೋಲನ್ನು ಎಡಗೈಗೆ ತೆಗೆದುಕೊಂಡು ಸಾಲಿನಲ್ಲಿ ನಿಂತೆ.